ಬಾಡುವ ಸೊಪ್ಪೂ ಬಾಡದ ಕಿರೀಟವೂ

ಪೆರೇಸಂದ್ರದ ಸಭೆಯಲ್ಲಿ ಮಾಡಿದ ಪ್ರಸಂಗ
ಓದತಕ್ಕ ಭಾಗ: 1 ಕೊರಿಂಥದವರಿಗೆ 9ನೆಯ ಅಧ್ಯಾಯ, 24ರಿಂದ 27ನೆಯ ವಚನಗಳು



ನಮ್ಮ ಪೆರೇಸಂದ್ರದ ಹೆಸರಿನ ಕೊನೆಯಲ್ಲಿರುವ ಸಂದ್ರವೆಂಬ ಮಾತು ಸಮುದ್ರವೆಂಬುದರಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಈ ಬಯಲುಸೀಮೆಯಲ್ಲಿ ವರುಷವೆಲ್ಲಾ ಹರಿಯುವ ಹೊಳೆಯಿಲ್ಲ. ಆದದರಿಂದ ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿ, ತುಂಬಿ ನಿಂತ ನೀರನ್ನು ಕಂಡು ಸಂತೋಷಪಟ್ಟು, ಅದನ್ನೇ ಸಮುದ್ರವೆಂದು ಕರೆದರು. ಮಳೆ ತಪ್ಪಿದ ವರುಷ ಅದೇ ಕೆರೆಯಂಗಳವು ಬಿರುಕುಬಿಟ್ಟು ಒಣಗುತ್ತದೆ. ಆಗ ದೊಡ್ಡವರು ಏರಿಯ ಮೇಲೆ ಕುಳಿತು ನಿಟ್ಟುಸಿರುಬಿಡುತ್ತಾರೆ. ಹುಡುಗರಾದರೋ ಅಲ್ಲಿ ಆ ಕಡೆಗೆರಡು ಈ ಕಡೆಗೆರಡು ಕಲ್ಲುಗಳನ್ನು ನೆಟ್ಟು, ಚೆಂಡನ್ನು ಒದೆಯುವುದಕ್ಕೆ ಇಳಿಯುತ್ತಾರೆ. ಅಂಗಳವು ಒಂದೇ, ನೋಡುವ ಕಣ್ಣುಗಳು ಎರಡು.

ಕಳೆದ ಪ್ರಾರ್ಥನಾಕೂಟದ ಕೊನೆಯಲ್ಲಿ ನಮ್ಮವರಲ್ಲೇ ಒಬ್ಬ ತಂದೆಯು ಎದ್ದು ನಿಂತು, ತಲೆಯ ಮೇಲಿನ ಟವಲನ್ನು ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ಒಂದು ಮಾತು ಕೇಳಿದನು. "ಅಯ್ಯನವರೇ, ನನ್ನ ಮಗನು ಬೆಂಗಳೂರಿನಲ್ಲಿ ಓದುತ್ತಾ ಅಲ್ಲಿಯ ಹುಡುಗರ ಸಂಗಡ ಕಾಲ್ಚೆಂಡಾಟ ಆಡುತ್ತಿದ್ದನು. ಒಂದು ಪಂದ್ಯದಲ್ಲಿ ಇವರ ಮೇಲೆ ಏಳು ಗೋಲುಗಳು ಬಿದ್ದವು. ಅವನು ನಾಚಿಕೆಯಿಂದ ಊರಿಗೆ ಬಂದನು. ಒಳ್ಳೆಯದಾಯಿತು, ಬಿಟ್ಟುಬಿಡು, ಚೆಂಡು ಯಾರ ಹೊಟ್ಟೆಗೆ ಹಿಟ್ಟು ಕೊಟ್ಟಿದೆ ಎಂದು ನಾನು ಅಂದೆನು. ಅವನು ಆಟವನ್ನು ಬಿಟ್ಟನು, ಅದರ ಸಂಗಡ ಓದನ್ನೂ ಬಿಟ್ಟನು. ಈಗ ತಿಂಗಳಾಯಿತು, ಹುಳುಮನೆಯ ಗೋಡೆಗೆ ಒರಗಿಕೊಂಡು ಕೂರುತ್ತಾನೆ. ತಪ್ಪು ಆಟದಲ್ಲಿತ್ತೋ, ನನ್ನ ಮಾತಿನಲ್ಲಿತ್ತೋ, ಹೇಳಿರಿ" ಎಂದನು.

ಪ್ರಿಯರೇ, ನಾನು ಒಡನೆ ಉತ್ತರ ಕೊಡಲಾರದೆ ಹೋದೆನು. ಯಾಕಂದರೆ ಆ ಹುಡುಗನು ಚಿಕ್ಕವನಾಗಿದ್ದಾಗ ಒಂದು ಭಾನುವಾರ ಮಣ್ಣುಮೆತ್ತಿದ ಕಾಲಿನಲ್ಲಿ ಆರಾಧನೆಗೆ ತಡವಾಗಿ ಬಂದದ್ದನ್ನು ಕಂಡು, ಸಭೆಯ ಮುಂದೆಯೇ ನಾನು ಅದೇ ಮಾತನ್ನು ಅವನಿಗೆ ಅಂದಿದ್ದೆನು. ತಂದೆಯು ಮರೆತಿದ್ದರೂ ನಾನು ಮರೆತಿಲ್ಲ. ಆದದರಿಂದ ಈ ಹೊತ್ತಿನ ಪ್ರಸಂಗವು ಮೊದಲು ನನಗೆ, ಆಮೇಲೆ ನಿಮಗೆ.

ಅಪೊಸ್ತಲನಾದ ಪೌಲನು ಆಟವನ್ನು ಹಾಸ್ಯಮಾಡಿದವನಲ್ಲ. ಆತನು ಕೊರಿಂಥದಲ್ಲಿ ಒಂದೂವರೆ ವರುಷ ಇದ್ದನು. ಆ ಪಟ್ಟಣದ ಹತ್ತಿರ ಎರಡು ವರುಷಗಳಿಗೊಮ್ಮೆ ದೊಡ್ಡ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಸೊಪ್ಪಿನ ಕಿರೀಟವನ್ನು ಇಡುತ್ತಿದ್ದರು. ಪೌಲನಾದರೋ ಡೇರೆಗಳನ್ನು ಹೊಲಿದು ಕೈಕೆಲಸದಿಂದ ಹೊಟ್ಟೆಹೊರೆದುಕೊಂಡ ಮನುಷ್ಯನು; ಬೆವರೆಂದರೇನೆಂದು ಆತನಿಗೆ ಗೊತ್ತು. ನಾಳೆ ಬಾಡಿಹೋಗುವ ಸೊಪ್ಪಿಗೋಸ್ಕರ ಒಬ್ಬನು ಊಟದಲ್ಲಿಯೂ ನಿದ್ರೆಯಲ್ಲಿಯೂ ತನ್ನನ್ನು ಬಿಗಿಹಿಡಿದುಕೊಂಡು ಓಡುವುದಾದರೆ, ಬಾಡದ ಕಿರೀಟವನ್ನು ನಿರೀಕ್ಷಿಸುವ ನಾವು ಎಷ್ಟು ಬಿಗಿಯಾಗಿ ಓಡಬೇಕೆಂಬುದೇ ಆತನ ಮಾತಿನ ತಾತ್ಪರ್ಯ. ಓಟಗಾರನನ್ನು ಬೈಯದೆ, ಆತನು ಅವನನ್ನೇ ಸಭೆಯ ಮುಂದೆ ಗುರುವನ್ನಾಗಿ ನಿಲ್ಲಿಸಿದನು.

ನಾನೂ ಈ ಹೊತ್ತು ಒಬ್ಬ ಆಟಗಾರನನ್ನು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ಅವರು ನಮ್ಮ ಸಭೆಯವರಲ್ಲ, ಮುಸಲ್ಮಾನ ಮನೆತನದವರು. ನಮ್ಮ ಕರ್ತನು ನೆರೆಯವನು ಯಾರೆಂದು ಕಲಿಸುವಾಗ ಸಮಾರ್ಯದವನನ್ನು ದೃಷ್ಟಾಂತವಾಗಿ ತೆಗೆದುಕೊಂಡನು. ರೋಮಿನ ಶತಾಧಿಪತಿಯ ನಂಬಿಕೆಯನ್ನು ಹೊಗಳಿದನು. ಒಳ್ಳೆಯದು ಎಲ್ಲಿ ಕಂಡರೂ ಅದನ್ನು ಒಳ್ಳೆಯದೆನ್ನುವುದಕ್ಕೆ ಕರ್ತನ ಶಿಷ್ಯನು ನಾಚತಕ್ಕದ್ದಲ್ಲ.

ಅಹಮದ್ ಖಾನರು 1926ನೆಯ ಇಸವಿ ದಶಂಬರ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬಿಳಿಯ ಸಿಪಾಯಿಗಳು ಆಡುತ್ತಿದ್ದ ಕಾಲ್ಚೆಂಡಾಟವನ್ನು ಬಡವರ ಮಕ್ಕಳು ಬೇಲಿಯಾಚೆ ನಿಂತು ನೋಡಿ ಕಲಿತರು. ಬೂಟುಗಳಿಗೆ ಹಣವೆಲ್ಲಿಂದ ಬಂದೀತು? ಬರಿಗಾಲಿನಲ್ಲೇ ಆಡಿದರು. ಖಾನರಿಗೆ ಹತ್ತು ಹನ್ನೊಂದು ವರುಷಗಳಾಗಿದ್ದಾಗ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದಿತು. 1891ರಲ್ಲಿ ಪ್ರಾರಂಭವಾದ ಆ ಪಂದ್ಯಾವಳಿಯಲ್ಲಿ ಅದುವರೆಗೂ ಯಾವ ದೇಶೀಯ ತಂಡವೂ ಗೆದ್ದಿರಲಿಲ್ಲ. ಮಾರನೆಯ ವರುಷವೂ ಇವರೇ ಗೆದ್ದರು. ಖಾನರು ಮುಂದೆ ಅದೇ ತಂಡಕ್ಕೆ ಸೇರಿ ಆಡಿದರು. ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳ ನಡುವೆ ನುಸುಳುವ ಅವರ ರೀತಿಯನ್ನು ಕಂಡು ಜನರು ಅವರನ್ನು ಹಾವಾಡಿಗನೆಂದು ಕರೆದರು.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಒಂದು ವರುಷವೂ ತುಂಬಿರಲಿಲ್ಲ. ಜುಲೈ 31ರಂದು ನಮ್ಮ ತಂಡವು ಫ್ರಾನ್ಸ್ ದೇಶದವರನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರಾನ್ಸಿನವರು ಮೊದಲು ಗೋಲು ಹೊಡೆದರು. ಆಮೇಲೆ ಸಾರಂಗಪಾಣಿ ರಾಮನ್ ಎಂಬವರು ಚೆಂಡನ್ನು ಬಲೆಗೆ ಸೇರಿಸಿ ಸಮಮಾಡಿದರು. ಎರಡು ಸಾರಿ ಪೆನಾಲ್ಟಿ ದೊರಕಿದರೂ ಎರಡೂ ವ್ಯರ್ಥವಾದವು. ಆಟವು ಮುಗಿಯುವುದಕ್ಕೆ ಇನ್ನು ಒಂದು ನಿಮಿಷ ಇದೆಯೆನ್ನುವಾಗ ಫ್ರಾನ್ಸಿನವರು ಎರಡನೆಯ ಗೋಲನ್ನು ಹೊಡೆದು ಗೆದ್ದರು. ಖಾನರು ಆ ದಿನ ಅಂಗಳದಲ್ಲಿದ್ದು, ಆ ಕಡೆಯ ನಿಮಿಷದ ಕಹಿಯನ್ನು ಉಂಡರು. ಈ ಕಡೆಯ ನಿಮಿಷವನ್ನು ನೆನಪಿನಲ್ಲಿಡಿರಿ. ಅದರ ಬಳಿಗೆ ತಿರಿಗಿ ಬರುವೆನು.

1949ರಲ್ಲಿ ಅವರು ಊರುಬಿಟ್ಟು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಹತ್ತು ವರುಷ ಅಲ್ಲಿ ಆಡಿದರು. ಭಾಷೆ ಬೇರೆ, ಅಡಿಗೆ ಬೇರೆ, ಮಳೆಯೂ ಬೇರೆ. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ, ಅಹಮದ್ ಖಾನ್ ಎಂಬ ಐವರು ಮುಂಚೂಣಿಯಲ್ಲಿ ಆಡುತ್ತಿದ್ದರು. ಐವರೂ ದಕ್ಷಿಣದವರು, ಎಲ್ಲರ ಮನೆಮಾತೂ ಒಂದೇ ಅಲ್ಲ, ದೇವರನ್ನು ಕರೆಯುವ ರೀತಿಯೂ ಒಂದೇ ಅಲ್ಲ. ಬಂಗಾಳದ ಜನರು ಅವರನ್ನು ಪಂಚಪಾಂಡವರೆಂದು ಪ್ರೀತಿಯಿಂದ ಕರೆದರು. ಆ ತಂಡವು 1949, 1950, 1951 ಈ ಮೂರು ವರುಷಗಳೂ ಒಂದೇ ಸಮನೆ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಐದು ಬೆರಳುಗಳು ಒಂದು ಮುಷ್ಟಿಯಾದರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ. ಒಂದೇ ಪಾತ್ರೆಯ ದ್ರಾಕ್ಷಾರಸದಲ್ಲಿ ಪಾಲುಗಾರರಾದ ನಾವು, ಹಬ್ಬದ ಊಟದಲ್ಲಿ ಯಾವ ಕೇರಿಯವರ ಪಕ್ಕದಲ್ಲಿ ಯಾರು ಕೂರಬೇಕೆಂದು ಇನ್ನೂ ಲೆಕ್ಕಹಾಕುತ್ತೇವಲ್ಲಾ! ಆ ಐವರ ಮುಂದೆ ನಮಗೆ ನಾಚಿಕೆಯಾಗಬೇಡವೇ?

ಇಲ್ಲಿ ನಮ್ಮ ತಂದೆಯ ಪ್ರಶ್ನೆಗೆ ಬರೋಣ: ಚೆಂಡು ಯಾರ ಹೊಟ್ಟೆಗೆ ಹಿಟ್ಟು ಕೊಟ್ಟಿದೆ? ಆ ಪ್ರಶ್ನೆಯು ಹುರುಡಿಲ್ಲದ್ದಲ್ಲ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಆಟಗಾರರು ಹೆಸರಿಗೆ ಹವ್ಯಾಸಿಗಳೇ. ಮನೆ ನಡೆಯಬೇಕಾದರೆ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಒಂದು ಕೆಲಸ ಬೇಕಾಗಿತ್ತು. ದೇಶಕ್ಕೆಲ್ಲಾ ಒಂದು ರಾಷ್ಟ್ರೀಯ ಲೀಗು ಹುಟ್ಟಿದ್ದೇ 1996ರಲ್ಲಿ. ಅಂತೂ ಆಟದಿಂದ ಬದುಕುವ ದಾರಿಯನ್ನು ಮೊದಲು ತುಳಿದವರ ಕಾಲಿಗೆ ಮುಳ್ಳು ಹೆಚ್ಚು.

ದೂರದ ಅಮೇರಿಕಾದಲ್ಲಿ ಈ ಮುಳ್ಳನ್ನು ತುಳಿದವರೊಬ್ಬರ ಸಂಗತಿಯನ್ನು ಕೇಳಿರಿ. ಜಿಮ್ ಥಾರ್ಪ್ ಎಂಬವರು ಆ ದೇಶದ ಮೂಲನಿವಾಸಿಗಳಾದ ಸಾಕ್ ಮತ್ತು ಫಾಕ್ಸ್ ಜನಾಂಗದವರು. ಮೂಲನಿವಾಸಿಗಳ ಮಕ್ಕಳ ಕೂದಲನ್ನು ಕತ್ತರಿಸಿ, ಅವರ ತಾಯಿನುಡಿಯನ್ನು ಬಾಯಿಂದ ಬಿಡಿಸುತ್ತಿದ್ದ ಕಾರ್ಲೈಲ್ ಎಂಬ ಶಾಲೆಯಲ್ಲಿ ಅವರು ಓದಿದರು. ಅಲ್ಲಿ ಆ ದೇಶದವರು ಫುಟ್‌ಬಾಲ್ ಎನ್ನುವ ಆಟವನ್ನು ಕಲಿತರು. ಅದು ನಮ್ಮ ಕಾಲ್ಚೆಂಡಾಟದಂಥದ್ದಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಅಡ್ಡಬಂದವರನ್ನು ನೂಕಿಕೊಂಡು ಓಡುವ ಒರಟಾದ ಆಟ. 1912ರಲ್ಲಿ ಸ್ಟಾಕ್‌ಹೋಮ್ ಪಟ್ಟಣದ ಒಲಿಂಪಿಕ್ ಕ್ರೀಡೆಗಳಲ್ಲಿ ಅವರು ಐದು ಸ್ಪರ್ಧೆಗಳು ಕೂಡಿದ ಪೆಂಟಾತ್ಲಾನನ್ನೂ ಹತ್ತು ಸ್ಪರ್ಧೆಗಳು ಕೂಡಿದ ಡೆಕಾತ್ಲಾನನ್ನೂ ಗೆದ್ದು ಎರಡು ಚಿನ್ನದ ಪದಕಗಳನ್ನು ತಂದರು. ಮಾರನೆಯ ವರುಷವೇ ಅವೆರಡನ್ನೂ ಕಿತ್ತುಕೊಳ್ಳಲಾಯಿತು. ಅಪರಾಧವೇನಂದರೆ, 1909 ಮತ್ತು 1910ರ ಬೇಸಗೆಗಳಲ್ಲಿ ಬೇಸ್‌ಬಾಲ್ ಆಟಕ್ಕೆ ಸ್ವಲ್ಪ ಕೂಲಿ ತೆಗೆದುಕೊಂಡದ್ದು. ಆಕ್ಷೇಪಣೆಯನ್ನು ಮೂವತ್ತು ದಿವಸಗಳೊಳಗೆ ತರಬೇಕೆಂದು ನಿಯಮವಿದ್ದರೂ, ಆ ವಾಯಿದೆ ಕಳೆದು ತಿಂಗಳುಗಳಾದ ಮೇಲೆ ಈ ತೀರ್ಪಾಯಿತು. ನಿಯಮವು ಬಡವನನ್ನು ಹಿಡಿಯುವಾಗ ಬಿಗಿಯಾಗಿಯೂ, ಅವನನ್ನು ಕಾಯಬೇಕಾದಾಗ ಸಡಿಲವಾಗಿಯೂ ಇತ್ತು.

ಥಾರ್ಪರು ಕೂತು ಅಳಲಿಲ್ಲ. 1915ರಲ್ಲಿ ಕ್ಯಾಂಟನ್ ಎಂಬ ಊರಿನ ತಂಡಕ್ಕೆ, ಪಂದ್ಯವೊಂದಕ್ಕೆ 250 ಡಾಲರ್ ಸಂಬಳದ ಮೇಲೆ, ಎಲ್ಲರ ಮುಂದೆ ಫುಟ್‌ಬಾಲ್ ಆಡಿದರು. 1920ರಲ್ಲಿ ಆ ಆಟವನ್ನೇ ವೃತ್ತಿಯಾಗಿ ಆಡುವವರ ಸಂಘವು ಹುಟ್ಟಿದಾಗ ಅವರನ್ನೇ ಮೊದಲನೆಯ ಅಧ್ಯಕ್ಷರನ್ನಾಗಿ ಮಾಡಿದರು. ಇಂದು ಕೋಟಿಗಟ್ಟಲೆ ಹಣ ಹರಿಯುವ ಆ ದೇಶದ ದೊಡ್ಡ ಲೀಗಿಗೆ ಅದೇ ಬೇರು. ಅವರಾದರೋ ಬಡತನದಲ್ಲಿ 1953ರಲ್ಲಿ ತೀರಿಕೊಂಡರು. 1982ರಲ್ಲಿ ಒಲಿಂಪಿಕ್ ಸಮಿತಿಯವರು ಅವರ ಹೆಸರನ್ನು ತಿರಿಗಿ ಬರೆದರು. ಆದರೆ ಇನ್ನೊಬ್ಬರ ಸಂಗಡ ಜೊತೆಯಾಗಿ ಬರೆದರು. 2022ರ ಜುಲೈಯಲ್ಲಿ ಅವರೊಬ್ಬರೇ ಗೆದ್ದವರೆಂದು ತಿದ್ದಿದರು. ತಪ್ಪನ್ನು ಪೂರ್ತಿಯಾಗಿ ಒಪ್ಪಿಕೊಳ್ಳುವುದಕ್ಕೆ ಮನುಷ್ಯರಿಗೆ 109 ವರುಷ ಬೇಕಾಯಿತು!

ಪ್ರಿಯರೇ, ಕೆಲಸಗಾರನು ತನ್ನ ಕೂಲಿಗೆ ಯೋಗ್ಯನೆಂದು ನಮ್ಮ ಕರ್ತನೇ ಬೋಧಿಸಿದನು. ಗದ್ದೆಯಲ್ಲಿ ಸುರಿಸಿದ ಬೆವರಿಗೆ ಕೂಲಿ ಇರುವುದಾದರೆ ಆಟದಂಗಳದಲ್ಲಿ ಸುರಿಸಿದ ಬೆವರಿಗೆ ಇರಬಾರದೇ? ಕೂಲಿ ತೆಗೆದುಕೊಂಡದ್ದು ಥಾರ್ಪರ ಪಾಪವಲ್ಲ. ಚೆಂಡಿನಿಂದ ಹಿಟ್ಟು ಸಿಕ್ಕುವುದು ಕಷ್ಟವೆಂದು ಮಗನಿಗೆ ಹೇಳಿರಿ. ಅದು ಸತ್ಯ, ಓದನ್ನು ಬಿಡಬೇಡವೆಂದೂ ಹೇಳಿರಿ. ಆದರೆ ಅದು ಕೆಲಸವೇ ಅಲ್ಲ, ಅದರಲ್ಲಿ ದುಡಿದದ್ದು ವ್ಯರ್ಥ ಎನ್ನಬೇಡಿರಿ. ಮನುಷ್ಯರ ಪುಸ್ತಕದಿಂದ ಹೆಸರು ಅಳಿಸಿಹೋಗಬಹುದು, ಬಾಡಿದ ಸೊಪ್ಪು ಉದುರಬಹುದು. ದೇವರ ಪುಸ್ತಕದಲ್ಲಿ ಬರೆದದ್ದನ್ನು ತಿದ್ದುವುದಕ್ಕೆ ಯಾವ ಸಮಿತಿಯೂ ಕೂರುವುದಿಲ್ಲ.

ಈಗ ಆ ಕಡೆಯ ನಿಮಿಷದ ಬಳಿಗೆ ಬರುತ್ತೇನೆ. 1951ರ ಮಾರ್ಚಿ ತಿಂಗಳಲ್ಲಿ ದಿಲ್ಲಿಯಲ್ಲಿ ಮೊದಲನೆಯ ಏಷ್ಯಾ ಕ್ರೀಡೆಗಳು ನಡೆದಾಗ ನಮ್ಮ ತಂಡವು ಇರಾನಿನವರನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನವನ್ನು ಪಡೆಯಿತು. ಖಾನರೂ ಆ ತಂಡದವರೇ. ಊರೆಲ್ಲಾ ಹಾರಗಳು, ಕೈಚಪ್ಪಾಳೆಗಳು. ಮುಂದಿನ ವರುಷ, 1952ರ ಜುಲೈ 15ರಂದು, ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಅದೇ ಆಟಗಾರರಲ್ಲಿ ಅನೇಕರು ಯುಗೊಸ್ಲಾವಿಯದವರ ಮುಂದೆ ನಿಂತರು. ಚಳಿಯ ದೇಶ, ನಮ್ಮವರಲ್ಲಿ ಹಲವರ ಕಾಲುಗಳು ಬರಿದು. ಎದುರಾಳಿಗಳೋ ಆ ವರುಷದ ಬೆಳ್ಳಿಯ ಪದಕವನ್ನು ಗೆಲ್ಲಲಿದ್ದವರು. ಗೋಲಿನ ಮೇಲೆ ಗೋಲು ಬಿದ್ದು ಹತ್ತಾದವು. ನಮ್ಮ ಕಡೆಗೆ ಒಂದೂ ಇಲ್ಲ.

ಆಗ ಮುಗಿಯುವುದಕ್ಕೆ ಒಂದೆರಡು ನಿಮಿಷಗಳು ಮಾತ್ರ ಉಳಿದಿದ್ದವು. ಅಂಥಾ ಹೊತ್ತಿನಲ್ಲಿ ಒಬ್ಬನು ಓಡಿದರೆ ಏನು, ನಿಂತರೆ ಏನು? ಸೋಲು ತೀರ್ಮಾನವಾಗಿದೆ. ನಿಂತುಕೊಂಡು ಸೀಟಿಗೆ ಕಾದಿದ್ದರೆ ಯಾರೂ ಗದರಿಸುತ್ತಿರಲಿಲ್ಲ. ಅಹಮದ್ ಖಾನರು ನಿಲ್ಲಲಿಲ್ಲ. 89ನೆಯ ನಿಮಿಷದಲ್ಲಿ ಅವರು ಚೆಂಡನ್ನು ಎದುರಾಳಿಗಳ ಬಲೆಗೆ ಸೇರಿಸಿದರು. ಹತ್ತಕ್ಕೆ ಒಂದು. ಆ ಒಂದು ಗೋಲು ಸೋಲನ್ನು ಗೆಲುವಾಗಿ ಮಾಡಲಿಲ್ಲ. ಅದನ್ನು ಹೊಡೆದವನ ನಂಬಿಗಸ್ತಿಕೆಯನ್ನು ಮಾತ್ರ ತೋರಿಸಿತು. ನಾಲ್ಕು ವರುಷಗಳ ಹಿಂದೆ ಲಂಡನ್ನಿನ ಕಡೆಯ ನಿಮಿಷವು ಅವರಿಂದ ಕಸಿದುಕೊಂಡಿತ್ತು. ಆದರೂ ಕಡೆಯ ನಿಮಿಷವೂ ಆಟದ ಪಾಲೇ ಎಂಬುದನ್ನು ಅವರು ಮರೆಯಲಿಲ್ಲ.

ಆ ಸೋಲಿನ ಫಲವನ್ನೂ ಕೇಳಿರಿ. ಅದು ಕಲಿಸಿದ ಪಾಠದಿಂದ ನಮ್ಮ ದೇಶದ ಆಟವನ್ನು ನಡೆಸುವವರು ಬೂಟುಗಳನ್ನು ಹಾಕಿಕೊಂಡೇ ಆಡಬೇಕೆಂದು ನಿಯಮಿಸಿದರು. 1956ರಲ್ಲಿ ಮೆಲ್ಬರ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ನಮ್ಮ ತಂಡವು ನಾಲ್ಕನೆಯ ಸ್ಥಾನಕ್ಕೆ ಏರಿತು. ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರು, ಖಾನರಿರಲಿಲ್ಲ. ಒಬ್ಬನು ಬಿತ್ತುತ್ತಾನೆ, ಇನ್ನೊಬ್ಬನು ಕೊಯ್ಯುತ್ತಾನೆ. ಬಿತ್ತಿದವರು ಆಟ ಮುಗಿಸಿ ಊರಿಗೆ ಬಂದು, ಗದ್ದಲವಿಲ್ಲದೆ ಬಾಳಿ, 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿಯೇ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಸಂಗತಿಯಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದಾಗಿ, ದೇವರು ಒಬ್ಬೊಬ್ಬನಿಗೆ ಒಂದೊಂದು ವರವನ್ನು ದಯಪಾಲಿಸುತ್ತಾನೆ. ಒಬ್ಬನಿಗೆ ಕೈಯಲ್ಲಿ, ಒಬ್ಬನಿಗೆ ಕೊರಳಲ್ಲಿ, ಒಬ್ಬನಿಗೆ ಕಾಲಿನಲ್ಲಿ. ತಾನು ಕೊಟ್ಟ ತಲಾಂತನ್ನು ಹೂಣಿಟ್ಟವನನ್ನು ಯಜಮಾನನು ಗದರಿಸಿದನು. ಮಗನ ತಲಾಂತಿಗೆ ತಂದೆಯೇ ಗುಂಡಿ ತೋಡಿದರೆ ಲೆಕ್ಕವನ್ನು ಯಾರು ಕೊಡಬೇಕು? ಸಭಾಪಾಲಕನೇ ಗುದ್ದಲಿ ಕೊಟ್ಟರೆ ಅವನ ಗತಿಯೇನು?

ಎರಡನೆಯದಾಗಿ, ಬಿಗಿಹಿಡಿತವಿಲ್ಲದೆ ಕಿರೀಟವಿಲ್ಲ. ಆಟಗಾರನು ಸೊಪ್ಪಿಗೋಸ್ಕರ ಕುಡಿತವನ್ನು ಬಿಡುತ್ತಾನೆ, ಹೊತ್ತಿಗೆ ಏಳುತ್ತಾನೆ, ಮೈದಣಿಯುತ್ತಾನೆ. ನಾವೋ ನಿತ್ಯಜೀವಕ್ಕೋಸ್ಕರ ಒಂದು ಕೋಪವನ್ನು ನುಂಗಲಾರೆವು, ಅಣ್ಣತಮ್ಮಂದಿರ ಗಡಿಕಲ್ಲಿನ ವ್ಯಾಜ್ಯವನ್ನು ಒಂದು ಗೇಣು ಬಿಟ್ಟುಕೊಡಲಾರೆವು.

ಮೂರನೆಯದಾಗಿ, ಸೋಲು ತೀರ್ಮಾನವಾದ ಮೇಲೆ ಓಡುವ ಓಟವೇ ನಂಬಿಗಸ್ತಿಕೆಯ ಪರೀಕ್ಷೆ. ಇದನ್ನು ನಿಮಗೆ ನಾನು ಕಲಿಸಬೇಕೇ? ನೀವು ರೇಷ್ಮೆಹುಳು ಸಾಕುವವರು. ಹುಳುವು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ಹೊತ್ತಿಗೆ ರೋಗ ಬಿದ್ದು, ತಟ್ಟೆಗಟ್ಟಲೆ ಹುಳುಗಳನ್ನು ಗುಂಡಿಗೆ ಸುರಿದ ದಿನಗಳು ನಿಮ್ಮಲ್ಲಿ ಯಾರಿಗಿಲ್ಲ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ದಿನ ಬರಿಗೈಯಲ್ಲಿ ಬಾಗಲಲ್ಲಿ ಕೂತವರು ನೀವು. ಆದರೂ ಮಾರನೆಯ ಬೆಳಿಗ್ಗೆ ತಾಯಂದಿರು ಎದ್ದು ಹುಳುಮನೆಯನ್ನು ತೊಳೆದು, ಚಂದ್ರಿಕೆಗಳನ್ನು ಬಿಸಿಲಿಗೆ ಇಟ್ಟರು. ಹೋದ ಬೆಳೆಯು ಅದರಿಂದ ತಿರಿಗಿ ಬರಲಿಲ್ಲ. ಮುಂದಿನ ಬೆಳೆಗೆ ಮನೆಯು ಸಿದ್ಧವಾಯಿತು. ನೀವು ಹುಳುಮನೆಯಲ್ಲಿ ಮಾಡುವುದನ್ನೇ ಅವರು ಹೆಲ್ಸಿಂಕಿಯಲ್ಲಿ ಮಾಡಿದರು. ನಮ್ಮ ಕರ್ತನ ಕಡೆಯ ಘಳಿಗೆಯನ್ನೂ ನೆನಸಿರಿ. ಶಿಲುಬೆಯ ಮೇಲೆ, ಲೋಕದ ಕಣ್ಣಿಗೆ ಎಲ್ಲಾ ಮುಗಿದುಹೋದಾಗ, ಆತನು ಪಕ್ಕದಲ್ಲಿದ್ದ ಕಳ್ಳನಿಗೆ ಬಾಗಲು ತೆರೆಯುವುದಕ್ಕೂ, ತನ್ನ ತಾಯಿಗೆ ಒಂದು ಮನೆಯನ್ನು ಗೊತ್ತುಮಾಡುವುದಕ್ಕೂ ಉಸಿರನ್ನು ಉಳಿಸಿಕೊಂಡಿದ್ದನು. ಆತನ ಹಿಂದೆ ನಡೆಯುವವರಿಗೆ ವ್ಯರ್ಥವಾದ ನಿಮಿಷವೆಂಬುದಿಲ್ಲ.

ಕೂಟವಾದ ಮಾರನೆಯ ಸಾಯಂಕಾಲ ನಾನು ಆ ತಂದೆಯ ಮನೆಗೆ ಹೋದೆನು. ಹುಡುಗನು ಗೋಡೆಗೆ ಒರಗಿಕೊಂಡು ಕೂತಿದ್ದನು. ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, "ಮಗಾ, ನೀನು ಚಿಕ್ಕವನಾಗಿದ್ದಾಗ ಸಭೆಯ ಮುಂದೆ ನಿನ್ನನ್ನು ಒಂದು ಮಾತು ಅಂದೆನು. ಅದು ತಪ್ಪಾಯಿತು, ಕ್ಷಮಿಸು" ಎಂದೆನು. ಆಮೇಲೆ ಹತ್ತಕ್ಕೆ ಒಂದರ ಕಥೆಯನ್ನು ಹೇಳಿದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಅಯ್ಯನವರೇ, ಏಳನೆಯ ಗೋಲು ಬಿದ್ದ ಮೇಲೆ ನಾನು ನಿಂತುಬಿಟ್ಟೆನು. ಸೋತದ್ದಕ್ಕಲ್ಲ, ನಿಂತುಬಿಟ್ಟೆನಲ್ಲಾ ಎಂದು ನಾಚಿಕೆ" ಅಂದನು. ಅಷ್ಟರಲ್ಲಿ ತಂದೆಯು ಒಳಗೆ ಹೋಗಿ, ಅಟ್ಟದ ಮೇಲೆ ಎಸೆದಿದ್ದ ಬೂಟುಗಳನ್ನು ಇಳಿಸಿ, ತನ್ನ ಟವಲಿನಿಂದಲೇ ಧೂಳನ್ನು ಒರಸಿ, ಹೊಸ್ತಿಲ ಬಳಿಯಲ್ಲಿ ಇಟ್ಟನು. ಯಾರೂ ಏನೂ ಹೇಳಲಿಲ್ಲ. ಹುಡುಗನು ಹಾಕಿಕೊಳ್ಳುವನೋ ಇಲ್ಲವೋ ನನಗೆ ತಿಳಿಯದು. ಅದು ಅವನದೂ ದೇವರದೂ. ನಮ್ಮ ಕೆಲಸವೆಂದರೆ ಬೂಟುಗಳನ್ನು ಹೊಸ್ತಿಲಿಗೆ ತಂದಿಡುವುದೇ.

ನಿಮ್ಮಲ್ಲಿ ಯಾರು ಸಾಲದಲ್ಲಿ, ಯಾರು ರೋಗದಲ್ಲಿ, ಯಾರು ಮಕ್ಕಳ ಚಿಂತೆಯಲ್ಲಿ ಹತ್ತು ಗೋಲುಗಳನ್ನು ಹೊತ್ತುಕೊಂಡು ಕೂತಿದ್ದೀರೆಂದು ಕರ್ತನು ಬಲ್ಲನು. ಸೀಟಿ ಇನ್ನೂ ಊದಿಲ್ಲ. ಎದ್ದು ಓಡಿರಿ.

ಪ್ರಾರ್ಥನೆ ಮಾಡೋಣ. ದಯಾಮಯನಾದ ತಂದೆಯೇ, ನಮ್ಮ ಮಕ್ಕಳಿಗೆ ನೀನು ಕೊಟ್ಟ ವರಗಳನ್ನು ನಮ್ಮ ನಾಲಿಗೆಯಿಂದ ನಾವು ಹೂಣಿಡದಂತೆ ಕಾಪಾಡು. ಗೆದ್ದಾಗ ಹೆಮ್ಮೆಯನ್ನೂ ಸೋತಾಗ ಬೇಸರವನ್ನೂ ನಮ್ಮಿಂದ ದೂರಮಾಡು. ಬಾಡುವ ಸೊಪ್ಪನ್ನು ಹಗುರವಾಗಿ ಹಿಡಿದುಕೊಂಡು, ಬಾಡದ ಕಿರೀಟದ ಕಡೆಗೆ ಕಡೆಯ ನಿಮಿಷದವರೆಗೂ ಓಡುವಂತೆ ನಮ್ಮ ಕಾಲುಗಳಿಗೆ ಬಲವನ್ನು ಕೊಡು. ಆಮೆನ್.